ಅಂಚಿಲ್ಲದ ಕಂಬಳಿ

ಚಿತ್ರದುರ್ಗದಲ್ಲಿ ನಾನು ಕೆಲಸ ಮಾಡುವ ಸ್ಟೋರಿಗೆ ಬಂದರೆ ದೇಶ ಸುತ್ತಲು ಟಿಕೆಟ್ಟು ಬೇಕಿಲ್ಲ. ಬೋಲ್ಟು ಒಂದು ದೇಶದ್ದು, ಅದನ್ನು ಬಿಗಿಯುವ ಸ್ಪ್ಯಾನರು ಇನ್ನೊಂದು ದೇಶದ್ದು, ಎರಡಕ್ಕೂ ಹಚ್ಚುವ ಗ್ರೀಸು ಮತ್ತೊಂದರದ್ದು. ಕೆಲವು ಪೆಟ್ಟಿಗೆಗಳ ಮೇಲಿನ ಲಿಪಿ ಯಾವುದೆಂದು ಇವತ್ತಿಗೂ ನನಗೆ ತಿಳಿಯದು. ಬಾಣದ ಗುರುತು ನೋಡಿ ಯಾವ ಕಡೆ ಮೇಲೆ ಎಂದು ಗೊತ್ತುಮಾಡಿಕೊಳ್ಳುತ್ತೇನೆ. ಜೋಗಿಮಟ್ಟಿಯ ಆಚೆ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳ ರಿಪೇರಿ ನಮ್ಮ ಕಂಪನಿಯದು. ಊರವರ ಬಾಯಲ್ಲಿ ಅವು ಫ್ಯಾನುಗಳು. ಹೆಡ್ಡಾಫೀಸು ಯುರೋಪಿನ ಒಂದು ಚಳಿ ದೇಶದಲ್ಲಿದೆ. ಯಾವ ಸಾಮಾನು ಬಂತು, ಯಾವುದು ಗುಡ್ಡಕ್ಕೆ ಹೋಯಿತು, ಯಾವುದಕ್ಕಾಗಿ ಯಾರ ಹತ್ತಿರ ಜಗಳವಾಡಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲೆರಡನ್ನು ಕಂಪ್ಯೂಟರ್ ಮಾಡುತ್ತದೆ, ಮೂರನೆಯದು ಪೂರ್ತಿ ನನ್ನದು. ಅದರಲ್ಲಿ ನಾನು ಎಷ್ಟು ಪಳಗಿದವಳೆಂದು ಹಿರಿಯೂರಿನಲ್ಲಿರುವ ನನ್ನ ಮನೆಯವರನ್ನು ಕೇಳಿದರೆ ಹೇಳುತ್ತಾರೆ.

ಹೊಸಬರು ಯಾರಾದರೂ ಬಂದಾಗ, ಇಷ್ಟೆಲ್ಲ ಹೊರಗಿಂದ ಬರುತ್ತದಲ್ಲ, ಇಲ್ಲಿಂದ ಏನು ಹೋಗುತ್ತದೆ ಎಂದು ಕೇಳುವುದುಂಟು. ಕರೆಂಟು ಎನ್ನುತ್ತಾರೆ ಮ್ಯಾನೇಜರು. ಗಾಳಿ ಎನ್ನುತ್ತೇನೆ ನಾನು. ಯಂತ್ರ ಅವರದು, ಬುದ್ಧಿ ಅವರದು, ಬೀಸುವ ಕೆಲಸ ಮಾತ್ರ ನಮ್ಮದು ಎಂದು ನಕ್ಕು ಸುಮ್ಮನಾಗುತ್ತಿದ್ದೆವು. ನಮ್ಮ ಕಡೆಯಿಂದ ಬುದ್ಧಿಯೂ ಹೋಗಬಹುದು ಎಂಬ ಯೋಚನೆ ಕಂಪನಿಗೆ ಬಂದದ್ದು ಆಮೇಲೆ. ನಮಗೆ ಬಂದದ್ದು ಅದಕ್ಕಿಂತಲೂ ತಡವಾಗಿ.

ಫ್ಯಾನಿನ ಕಂಬದ ತುದಿಯಲ್ಲಿ ಒಂದು ಕೋಣೆಯಿದೆ. ಗೇರು, ಎಣ್ಣೆಯ ಪೈಪುಗಳು ಎಲ್ಲ ಅದರೊಳಗೆ. ಎಣ್ಣೆ ಇದ್ದಲ್ಲಿ ಸೋರುವುದು ಇದ್ದದ್ದೇ. ಸೋರಿದ್ದನ್ನು ಹೀರಿಕೊಳ್ಳಲು ಪೈಪಿನ ಕೆಳಗೆ ಒಂದು ತಟ್ಟೆ ಇಟ್ಟು, ಅದರಲ್ಲಿ ಬಿಳಿಯ ದಪ್ಪ ಪ್ಯಾಡು ಹಾಸುತ್ತಾರೆ. ಈ ಪ್ಯಾಡುಗಳೂ ಹಡಗಿನಲ್ಲೇ ಬರಬೇಕು. ಒಂದು ಮಳೆಗಾಲದಲ್ಲಿ ಅವು ಯಾವುದೋ ಬಂದರಿನಲ್ಲಿ ಸಿಕ್ಕಿಕೊಂಡವು. ನಾನು ಫೋನಿನಲ್ಲಿ ಎಷ್ಟು ಕೂಗಾಡಿದರೂ ಹಡಗಿಗೆ ಕೇಳಿಸಲಿಲ್ಲ. ಗುಡ್ಡದ ಮೇಲೆ ಎಣ್ಣೆ ತಟ್ಟೆ ತುಂಬಿ ಕೆಳಗೆ ಇಳಿಯುತ್ತಿತ್ತು. ಆಗ ನಮ್ಮಲ್ಲಿ ಕೆಲಸ ಮಾಡುವ, ಹೊಳಲ್ಕೆರೆ ತಾಲ್ಲೂಕು ತಾಳ್ಯದ ಕಡೆಯ ಟೆಕ್ನಿಷಿಯನ್ ಒಬ್ಬ ಮನೆಯಿಂದ ಒಂದು ಹರಿದ ಕಂಬಳಿ ತಂದ. ಮಳೆ ನೀರನ್ನೇ ಒಳಗೆ ಬಿಡದ ಕಂಬಳಿ ಎಣ್ಣೆ ಹೀರುವುದುಂಟೇನಯ್ಯಾ ಎಂದು ನಾನು ಗೇಲಿ ಮಾಡಿದೆ. ನೋಡಾಣ ತಡೀರಿ ಅಕ್ಕ ಎಂದು ಅವನು ಅದನ್ನು ಹೆಗಲಿಗೇರಿಸಿಕೊಂಡು ಏಣಿ ಹತ್ತಿದ.

ಕಂಬಳಿ ಎಣ್ಣೆಯನ್ನು ಕುಡಿದ ರೀತಿ ನೋಡಿ ಅವನೇ ಬೆರಗಾಗಿ ಇಳಿದು ಬಂದ. ಪ್ಯಾಡು ತುಂಬಿದ ಮೇಲೆ ಎತ್ತಿದರೆ ತೊಟ್ಟಿಕ್ಕುತ್ತದೆ, ಇದು ತೊಟ್ಟಿಕ್ಕುವುದೂ ಇಲ್ಲ, ಹಿಂಡಿದರೆ ಮತ್ತೆ ಹಾಸಬಹುದು. ಉಣ್ಣೆಗೆ ನೀರೆಂದರೆ ದೂರ, ಎಣ್ಣೆಯೆಂದರೆ ನೆಂಟಸ್ತಿಕೆ. ಕೊನೆಗೂ ಹಡಗು ಬಂದು ಪ್ಯಾಡುಗಳು ಸ್ಟೋರು ಸೇರಿದಾಗ ಅವನ್ನು ಕೇಳುವವರೇ ಇರಲಿಲ್ಲ. ಹುಡುಗರೆಲ್ಲ ತಮ್ಮ ತಮ್ಮ ಊರುಗಳಿಂದ ಹರಿದ ಕಂಬಳಿ ಹುಡುಕಿ ತರುವುದಕ್ಕೆ ಶುರುಮಾಡಿದ್ದರು.

ಹೆಡ್ಡಾಫೀಸಿನವರು ವರ್ಷಕ್ಕೊಮ್ಮೆ ಒಂದು ಮೇಲ್ ಕಳಿಸುತ್ತಿದ್ದರು. ಪ್ರಪಂಚದ ಎಲ್ಲ ಕಡೆಯ ನಮ್ಮ ಕಚೇರಿಗಳು ತಮ್ಮಲ್ಲಿ ಹುಟ್ಟಿದ ಹೊಸ ಉಪಾಯಗಳನ್ನು ಬರೆದು ಕಳಿಸಬೇಕು, ಒಳ್ಳೆಯದು ಎಲ್ಲಿಂದ ಬಂದರೂ ಎಲ್ಲರೂ ಬಳಸಬೇಕು ಎಂದು ಅದರ ಸಾರಾಂಶ. ನಾವು ಅದನ್ನು ಓದಿ, ದೀಪಾವಳಿ ಶುಭಾಶಯದ ಮೇಲ್‌ಗಳ ಜೊತೆ ಬಿಟ್ಟುಬಿಡುತ್ತಿದ್ದೆವು. ಆ ವರ್ಷ ಮ್ಯಾನೇಜರಿಗೆ ಮೇಲಿನಿಂದ ಮಾತು ಬಂತು: ದುರ್ಗದಿಂದ ಒಂದೂ ಉಪಾಯ ಬಂದಿಲ್ಲವಲ್ಲ, ಅಲ್ಲಿ ಯಾರೂ ಯೋಚನೆ ಮಾಡುವುದಿಲ್ಲವೇ ಎಂದು. ಅವರು ಪೆಚ್ಚುಮೋರೆ ಹಾಕಿಕೊಂಡು ನನ್ನ ಹತ್ತಿರ ಬಂದು, ಏನಾದರೂ ಬರೀರಿ ಮೇಡಂ ಎಂದರು. ನನಗೂ ರೇಗಿತು. ಯೋಚನೆ ಮಾಡುವುದಿಲ್ಲವಂತೆ. ಊಟದ ಬಿಡುವಿನಲ್ಲಿ ಕಂಬಳಿಯ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದು, ತಾಳ್ಯದವನ ಹೆಸರು ಹಾಕಿ, ಅವನು ಫೋನಿನಲ್ಲಿ ತೆಗೆದಿದ್ದ ಫೋಟೊ ಅಂಟಿಸಿ ಕಳಿಸಿದೆ.

ಅದಾಗಿ ಕೆಲವೇ ದಿನಕ್ಕೆ ವಿಡಿಯೊ ಮೀಟಿಂಗಿಗೆ ಕರೆ ಬಂತು. ಪರದೆಯ ತುಂಬ ಮುಖಗಳು. ಒಬ್ಬರ ಕಿಟಕಿಯಲ್ಲಿ ಕತ್ತಲೆ, ಒಬ್ಬರದರಲ್ಲಿ ಹಿಮ, ನಮ್ಮದರಲ್ಲಿ ಮಟಮಟ ಮಧ್ಯಾಹ್ನ. ಎಲ್ಲರೂ ಸೇರಿ ಕಂಬಳಿಯ ಬಗ್ಗೆ ಮಾತಾಡಿದರು. ಯಾವ ತಳಿಯ ಕುರಿ ಎಂದು ಒಬ್ಬರು ಕೇಳಿದರು. ಕರಿ ಕುರಿ ಎಂದೆ. ದಪ್ಪ ಎಷ್ಟು ಎಂದರು. ಟೀ ಜೊತೆ ಇಟ್ಟಿದ್ದ ಬಿಸ್ಕತ್ತನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದೆ. ಮ್ಯಾನೇಜರು ಮೇಜಿನ ಕೆಳಗೆ ನನ್ನ ಕಾಲು ತುಳಿದರು, ಆದರೆ ಹಿಮದ ಕಿಟಕಿಯ ಹೆಂಗಸು ತನ್ನ ಕೈಯಲ್ಲಿದ್ದ ಬಿಸ್ಕತ್ತನ್ನೂ ಹಿಡಿದು, ಇಷ್ಟೇನಾ ಎಂದು ಕೇಳಿದಳು. ಆಕೆ ಇಂಜಿನಿಯರ್, ಹೆಚ್ಚುಕಮ್ಮಿ ನನ್ನದೇ ವಯಸ್ಸು. ಕಂಬಳಿ ನೇಯುವುದನ್ನು ಕಣ್ಣಾರೆ ನೋಡಬೇಕು, ನೇಯುವವರು ನಿಮಗೆ ಗೊತ್ತೇ ಎಂದಳು. ಗೊತ್ತಿಲ್ಲದೆ ಏನು, ನನ್ನ ಸೋದರಮಾವ ನೇಯುತ್ತಾರೆ ಎಂದುಬಿಟ್ಟೆ.

ಮಾವನ ಮನೆ ಹೊಸದುರ್ಗದ ಹತ್ತಿರ, ಬಾಗೂರಿನಲ್ಲಿ. ನಮ್ಮದು ಕುರಿ ಸಾಕಿ ಬೆಳೆದ ವಂಶ. ಈಗ ಕುರಿ ಇರುವುದು ದಾಯಾದಿಗಳ ಹತ್ತಿರ, ಮಗ್ಗ ಇರುವುದು ಮಾವನ ಹತ್ತಿರ. ಅದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು ನೇಯಬೇಕು. ಮನೆಯ ಮುಂದಿನ ಕೋಣೆ ಪೂರ್ತಿ ಅದಕ್ಕೇ ಹೋಗಿದೆ. ಕಂಬಳಿ ಕೊಳ್ಳುವವರು ಕಡಿಮೆಯಾದ ಮೇಲೆ ಮದುವೆಗೆ, ದೇವರ ಕಾರ್ಯಕ್ಕೆ ಎಂದು ಯಾರಾದರೂ ಹೇಳಿದರೆ ಮಾತ್ರ ಮಾವ ಗುಂಡಿಗೆ ಇಳಿಯುತ್ತಿದ್ದರು. ಕುರಿಗಾರರು ಕುರಿಗೆ ಭಾರವಾಗುತ್ತದೆಂದು ಉಣ್ಣೆ ಕತ್ತರಿಸಿ ಬೇಲಿಗೆ ಎಸೆಯುವ ಕಾಲ ಬಂದಿತ್ತು.

ಈ ಕೋಣೆಯ ಮೇಲೆ ಮಾವನ ಹೆಂಡತಿ, ನಮ್ಮ ಅತ್ತೆಗೆ ಬಹಳ ದಿನದಿಂದ ಕಣ್ಣು. ಬೀದಿಗೆ ತೆರೆದ ಕೋಣೆ, ಗುಂಡಿ ಮುಚ್ಚಿಸಿ ಹಿಟ್ಟಿನ ಗಿರಣಿ ಹಾಕಿದರೆ ಕೇರಿಯವರೆಲ್ಲ ಇಲ್ಲಿಗೇ ಬರುತ್ತಾರೆ, ಹಲ್ಲಿಗಳಿಗೆ ಯಾಕೆ ಇಷ್ಟು ದೊಡ್ಡ ಮನೆ ಎಂಬುದು ಅವರ ವಾದ. ಅತ್ತೆಯ ಮಾತಿನಲ್ಲಿ ತಪ್ಪಿರಲಿಲ್ಲ. ಮಾವನಿಗೂ ಅದು ಗೊತ್ತಿತ್ತು, ಅದಕ್ಕೇ ಅವರು ಜಗಳವಾಡದೆ ಮುಂದೂಡುತ್ತಿದ್ದರು. ಯುಗಾದಿ ಕಳೆಯಲಿ, ಮಳೆ ಬರಲಿ, ದಸರಾ ಮುಗಿಯಲಿ. ಕೊನೆಗೆ ಅತ್ತೆ ಗಟ್ಟಿಯಾಗಿ ಹಿಡಿದುಕೊಂಡಾಗ, ಮಗ್ಗಕ್ಕೆ ಕೆಲಸ ಬರುವುದು ಪೂರಾ ನಿಂತ ದಿನ ನಾನೇ ಗುಂಡಿ ಮುಚ್ಚಿಸುತ್ತೇನೆ ಎಂದು ಮಾವ ಮಾತು ಕೊಟ್ಟಿದ್ದರು. ನಾವು ಮಕ್ಕಳೆಲ್ಲ ಆ ಗುಂಡಿಯ ಪಕ್ಕದಲ್ಲೇ ಅಂಬೆಗಾಲಿಟ್ಟವರು. ಅದು ಮುಚ್ಚುವುದು ನನಗೆ ಇಷ್ಟವಿರಲಿಲ್ಲ. ಇಂಜಿನಿಯರಮ್ಮನಿಗೆ ಅಷ್ಟು ಧಾರಾಳವಾಗಿ ಹೂಂ ಅಂದದ್ದರ ಹಿಂದೆ ಈ ಆಸೆಯೂ ಇತ್ತು.

ಆಕೆ ಬಂದದ್ದು ಚಳಿಗಾಲದಲ್ಲಿ. ನಮಗೆ ಚಳಿಗಾಲ, ಆಕೆಗೆ ಬೇಸಿಗೆ. ಹೊಳಲ್ಕೆರೆ ದಾಟುವವರೆಗೂ ಕಾರಿನ ಕಿಟಕಿಗೆ ಮೂಗು ಒತ್ತಿಕೊಂಡು, ಕಂಡ ಫ್ಯಾನುಗಳನ್ನೆಲ್ಲ ಇದು ನಮ್ಮದು, ಅದು ನಮ್ಮದಲ್ಲ ಎಂದು ಗುರುತಿಸುತ್ತಿದ್ದಳು. ನನ್ನ ತಲೆಯಲ್ಲಿ ಬೇರೆ ಲೆಕ್ಕ ನಡೆದಿತ್ತು. ಹರಿದು ಮೂಲೆ ಸೇರಿದ ಕಂಬಳಿಯ ಮಾತು ಬೇರೆ, ಹೊಸ ಕಂಬಳಿಯ ಮಾತು ಬೇರೆ. ಹೊಸ ಕಂಬಳಿ ಹಾಸಿ ಅದರ ಮೇಲೆ ನಾವು ಮನೆದೇವರನ್ನು ಕೂರಿಸುತ್ತೇವೆ, ಮದುವೆಯಲ್ಲಿ ಹೆಣ್ಣುಗಂಡನ್ನು ಕೂರಿಸುತ್ತೇವೆ. ಚಪ್ಪಲಿ ಕಾಲಲ್ಲಿ ಯಾರೂ ತುಳಿಯುವುದಿಲ್ಲ. ಯಂತ್ರದ ಎಣ್ಣೆ ಒರೆಸಲು ನೇಯ್ದುಕೊಡಿ ಎಂದು ಮಾವನನ್ನು ಹೇಗೆ ಕೇಳುವುದು? ಊಟವಾದ ಮೇಲೆ, ಅವರು ಎಲೆಅಡಿಕೆ ಹಾಕಿಕೊಂಡು ಹದವಾಗಿರುವಾಗ, ಸುತ್ತಿ ಬಳಸಿ ಹೇಳೋಣ ಎಂದುಕೊಂಡೆ. ಆ ಹದಕ್ಕೆ ಕಾಯುವ ಪುಣ್ಯ ನನಗೆ ಸಿಗಲಿಲ್ಲ.

ಮನೆಗೆ ಬಂದ ದೂರದ ಅತಿಥಿಗೆ ಮಾವ ಅತಿ ದೊಡ್ಡ ಮರ್ಯಾದೆ ಮಾಡಿದರು. ಮುಂದಿನ ದೇವರ ಕಾರ್ಯಕ್ಕೆಂದು ನೇಯ್ದು ಮಡಿಸಿಟ್ಟಿದ್ದ ಹೊಚ್ಚ ಹೊಸ ಕರಿ ಕಂಬಳಿಯನ್ನು ತಂದು ಪಡಸಾಲೆಯಲ್ಲಿ ಹಾಸಿ, ಬರ್ರಿ, ಕುಂತ್ಕಳ್ರಿ ಎಂದರು. ಆಕೆ ಚಪ್ಪಲಿ ಬಿಟ್ಟು ಬಂದು ಕೂತಳು. ಕಂಬಳಿಯನ್ನು ಸವರಿದಳು, ಎಳೆ ನೋಡಿದಳು, ಮುಖ ಅರಳಿತು. ನಾನು ಅಡುಗೆಮನೆಯಲ್ಲಿ ಅತ್ತೆಯ ಕೈಯಿಂದ ಮಜ್ಜಿಗೆ ಲೋಟ ತೆಗೆದುಕೊಂಡು ಈಚೆ ಬರುವಷ್ಟರಲ್ಲಿ ಆಕೆ ಚೀಲದಿಂದ ಒಂದು ಪುಟ್ಟ ಶೀಶೆ ತೆಗೆದು, ಅದರಲ್ಲಿದ್ದ ಗೇರ್ ಎಣ್ಣೆಯನ್ನು ಕಂಬಳಿಯ ನಟ್ಟನಡುವೆ ಸುರಿದು, ಗಡಿಯಾರ ನೋಡುತ್ತ ಕೂತಿದ್ದಳು.

ಅತ್ತೆ ಬಾಗಿಲಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ಎಣ್ಣೆ ನಿಧಾನವಾಗಿ ಒಳಗಿಳಿಯುವುದನ್ನು ಮಾವನೂ ನೋಡುತ್ತಿದ್ದರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಲೋಟ ಕೆಳಗಿಟ್ಟು ಆಕೆಯ ಪಕ್ಕ ಕುಕ್ಕರಿಸಿ, ಇದು ಯಾರಿಗಾಗಿ ನೇಯ್ದದ್ದು, ಯಾಕೆ ಹಾಸಿದರು ಎಂದು ಗೊತ್ತಿದ್ದ ಇಂಗ್ಲಿಷಿನಲ್ಲಿ ಹೇಳಿದೆ. ಕಿವಿಯವರೆಗೂ ಆಕೆಯ ಮುಖ ಕೆಂಪಾಯಿತು. ಸರಕ್ಕನೆ ಕಂಬಳಿಯಿಂದ ಕೆಳಗಿಳಿದು ಬರಿ ನೆಲದ ಮೇಲೆ ಕೂತುಬಿಟ್ಟಳು. ಕ್ಷಮೆ ಕೇಳಿದಳು, ಮತ್ತೆ ಮತ್ತೆ ಕೇಳಿದಳು. ಆಮೇಲೆ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದಳು.

ಮಾವ ಕಂಬಳಿಯನ್ನು ಎಣ್ಣೆಯ ಭಾಗ ಒಳಗೆ ಬರುವಂತೆ ಮಡಿಸಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ಅಂಟುವಾಳದಲ್ಲಿ ನೆನೆಹಾಕಲು ಹಿತ್ತಲಿಗೆ ಓಡಿದರು. ಏನಂತೆ ಈಕೆಗೆ ಬೇಕಾಗಿರೋದು ಎಂದು ಮಾವ ನನ್ನನ್ನು ಕೇಳಿದರು. ಸುತ್ತಿ ಬಳಸುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಗುಡ್ಡದ ಫ್ಯಾನು, ಸೋರುವ ಎಣ್ಣೆ, ತಾಳ್ಯದವನ ಹರಕು ಕಂಬಳಿ, ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಬೇಡವೆಂದರೆ ಈಕೆಯನ್ನು ಕರೆದುಕೊಂಡು ಈಗಲೇ ಹೊರಡುತ್ತೇನೆ ಮಾವ ಎಂದೆ.

ಮಾವ ನೆಲದ ಮೇಲೆ ಕೂತ ಅತಿಥಿಯನ್ನೇ ನೋಡುತ್ತಿದ್ದರು. ಅವರಿಗೆ ಕಂಬಳಿಗಿಂತ ಅದು ಹೆಚ್ಚು ಸಂಕಟವಾದಂತೆ ಕಂಡಿತು. ಗೋಡೆಗೆ ಒರಗಿ ಕೂತು ಅಂದರು:

“ಅಂಚು ಬೀಳೋತಂಕ ಅದು ಕಂಬ್ಳಿ ಅಲ್ಲವ್ವ. ಬರೀ ಉಣ್ಣೆ ಬಟ್ಟೆ. ಅದ್ರಾಗೆ ಎಣ್ಣೆ ಒರೆಸ್ಕಳ್ಲಿ, ಕಾಲು ಒರೆಸ್ಕಳ್ಲಿ, ದೋಷ ಇಲ್ಲ. ಅಂಚು ಇಲ್ದಂಗೆ ಬೇಕಾದ್ರೆ ನೇಯ್ದು ಕೊಡ್ತೀನಿ ಅಂತ ಹೇಳು. ಮದ್ಲು ಮೇಲೆದ್ದು ಚಾಪೆ ಮೇಲೆ ಕುಂತ್ಕಳಾಕೆ ಹೇಳು.”

ಅಂಚೆಂದರೆ ನಮ್ಮ ಮನೆಯಲ್ಲಿ, ನೇಯ್ಗೆಯ ಎರಡು ತುದಿಗೂ ಬಿಳಿ ಉಣ್ಣೆಯ ಗೆರೆ ಹಾಕಿ, ಎಳೆ ಬಿಚ್ಚದ ಹಾಗೆ ಸೂಜಿಯಲ್ಲಿ ಹೆಣೆದು ಮುಗಿಸುವುದು. ಕಂಬಳಿ ಬಗ್ಗೆ ಹುಟ್ಟಿದಾಗಿನಿಂದ ಕೇಳಿದ ನೂರೆಂಟು ಶಾಸ್ತ್ರಗಳಲ್ಲಿ ಈ ಶಾಸ್ತ್ರವನ್ನು ನಾನು ಕೇಳಿರಲಿಲ್ಲ. ಹಿತ್ತಲಿನಿಂದ ವಾಪಸು ಬಂದ ಅತ್ತೆಯ ಮುಖ ನೋಡಿದರೆ ಅವರೂ ಕೇಳಿದಂತಿರಲಿಲ್ಲ. ಮಾವ ಅಲ್ಲೇ, ಆ ಗೋಡೆಗೆ ಒರಗಿಕೊಂಡು ಹುಟ್ಟಿಸಿದ ಶಾಸ್ತ್ರ ಅದು. ದೇವರ ಮರ್ಯಾದೆಯೂ ಉಳಿಯಬೇಕು, ಅತಿಥಿ ಬರಿಗೈಯಲ್ಲಿ ಹೋಗಬಾರದು, ಮಗ್ಗವೂ ನಿಲ್ಲಬಾರದು. ಹೊಸ ಉಪಾಯ ಬೇಕೆಂದು ಸಮುದ್ರ ದಾಟಿ ಬಂದವಳ ಕಣ್ಣೆದುರೇ ಒಂದು ಉಪಾಯ ಹುಟ್ಟಿತ್ತು. ನಾನು ನಗು ತಡೆದುಕೊಂಡು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಆಕೆ ಗಂಭೀರವಾಗಿ ಬರೆದುಕೊಂಡಳು.

ಅಲ್ಲಿಂದ ಮುಂದೆ ಬಾಗೂರಿನ ಆ ಕೋಣೆಗೆ ಕಳೆ ಬಂತು. ಬೇಲಿಗೆ ಬೀಳುತ್ತಿದ್ದ ಉಣ್ಣೆ ಮೂಟೆಯಲ್ಲಿ ಬರತೊಡಗಿತು. ಹಿಂಜಲು, ನೂಲಲು ಕೇರಿಯ ಹೆಂಗಸರು ಮಧ್ಯಾಹ್ನದ ಹೊತ್ತಿಗೆ ಬಂದು ಕೂರುತ್ತಿದ್ದರು. ಗಿರಣಿಯ ಮಾತನ್ನು ಅತ್ತೆ ಬಿಟ್ಟಿರಲಿಲ್ಲ, ಆದರೆ ಕೆಲಸ ಇರುವಾಗ ಕೇಳುವ ಹಾಗಿಲ್ಲವಲ್ಲ ಎಂದು ಸುಮ್ಮನಿದ್ದರು. ಮೊದಲ ಕಂತು ಕಳಿಸಿದ ಮೇಲೆ ಬೆಂಗಳೂರಿನ ನಮ್ಮ ಖರೀದಿ ವಿಭಾಗದವರು ಮೇಲ್ ಬರೆದರು: ಸರಕು ಚೆನ್ನಾಗಿದೆ, ಆದರೆ ತುದಿಯಲ್ಲಿ ಎಳೆ ಬಿಚ್ಚುತ್ತದೆ, ದಯವಿಟ್ಟು ಅಂಚು ಕಟ್ಟಿ ಕಳಿಸಿ.

ನನ್ನ ಕೈಗೆ ಜಗಳ ಸಿಕ್ಕಿತು. ಅಂಚು ಕಟ್ಟುವುದಿಲ್ಲ ಎಂದು ಬರೆದೆ. ಯಾಕೆ ಎಂದರು. ಕಟ್ಟಿದರೆ ಅದು ಕಂಬಳಿಯಾಗುತ್ತದೆ ಎಂದೆ. ನಮಗೆ ಬೇಕಾಗಿರುವುದೂ ಕಂಬಳಿಯೇ ಅಲ್ಲವೇ ಎಂದರು. ಅಲ್ಲ ಎಂದೆ. ಮೇಲ್ ಉದ್ದವಾಗುತ್ತ ಹೋಯಿತು, ಅದಕ್ಕೆ ಹೊಸ ಹೊಸ ಜನ ಸೇರಿಕೊಳ್ಳುತ್ತ ಹೋದರು. ಕಡೆಗೆ ಹಿಮದ ಊರಿನಿಂದ ಇಂಜಿನಿಯರಮ್ಮ ಒಂದೇ ಸಾಲು ಬರೆದಳು: ಅಂಚು ಕಟ್ಟುವಂತಿಲ್ಲ, ಇದು ಬದಲಾಗುವುದಿಲ್ಲ. ತಟ್ಟೆಯೊಳಗೆ ಇಡುವುದರಿಂದ ಎಳೆ ಬಿಚ್ಚಿದರೂ ತೊಂದರೆ ಇಲ್ಲ ಎಂದು ಕೆಳಗೆ ಸೇರಿಸಿದ್ದಳು. ನನಗೆ ಆಕೆಯ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು ಆವತ್ತು.

ತಮಾಷೆ ನಡೆದದ್ದು ಆಮೇಲೆ. ಎಲ್ಲ ದೇಶಗಳ ಕಚೇರಿಗಳಿಗೂ ಈ ಉಣ್ಣೆ ಪ್ಯಾಡಿನ ನಕ್ಷೆ ಹೋಯಿತು; ಉದ್ದ, ಅಗಲ, ದಪ್ಪ, ಕೊನೆಯಲ್ಲಿ ‘ತುದಿ ತೆರೆದಿರಬೇಕು’ ಎಂಬ ಸೂಚನೆ. ಯಾಕೆ ತೆರೆದಿರಬೇಕು ಎಂದು ಎಲ್ಲೋ ಯಾರೋ ಕೇಳಿರಬೇಕು. ಪರೀಕ್ಷೆ ಮಾಡುವ ಇನ್ನೊಬ್ಬ ಇಂಜಿನಿಯರ್ ಪ್ರಯೋಗ ಮಾಡಿ, ಬಿಚ್ಚಿದ ಎಳೆಗಳು ದೀಪದ ಬತ್ತಿಯ ಹಾಗೆ ಎಣ್ಣೆಯನ್ನು ಎಳೆದುಕೊಳ್ಳುತ್ತವೆ, ಅಂಚು ಕಟ್ಟಿದರೆ ಅಷ್ಟು ಬೇಗ ಎಳೆಯುವುದಿಲ್ಲ, ಆದ್ದರಿಂದ ಈ ವಿನ್ಯಾಸ ಬಹಳ ಜಾಣತನದ್ದು ಎಂದು ವರದಿ ಕೊಟ್ಟ. ಅದು ಸುಳ್ಳೂ ಆಗಿರಲಿಲ್ಲ. ಎಣ್ಣೆ ಸುರಿದ ಮುಜುಗರದಲ್ಲಿ ಮಾವ ಕಟ್ಟಿದ ಶಾಸ್ತ್ರ ಹೀಗೆ ವಿಜ್ಞಾನವಾಗಿ, ಯಾರೂ ಬದಲಾಯಿಸಬಾರದ ನಿಯಮವಾಗಿ, ಸ್ಟೋರಿನ ನನ್ನ ಗೋಡೆಗೇ ವಾಪಸು ಬಂದು ಅಂಟಿಕೊಂಡಿತು. ಮಾವನಿಗೆ ಅದನ್ನು ಓದಿ ಹೇಳಿದೆ. ಅವರು ಸ್ವಲ್ಪವೂ ನಗದೆ, ಮತ್ತೆ ನಾನು ಹೇಳಿರಲಿಲ್ವಾ ಎಂದರು.

ಆ ವರ್ಷದ ನಡುವೆ ಮಾವನ ಹೆಗಲು ಹಿಡಿದುಕೊಂಡಿತು. ಲಾಳಿ ಎಸೆಯಲು ಕೈ ಮೇಲೇಳುತ್ತಿರಲಿಲ್ಲ. ಕಳಿಸಬೇಕಾದ ಕಂತು ಅರ್ಧದಲ್ಲಿತ್ತು. ಪಕ್ಕದ ಊರಿನಲ್ಲಿ ನೇಯುವವರಿದ್ದಾರೇನೋ ವಿಚಾರಿಸೋಣ ಎಂದು ನಾನು ಬಾಗೂರಿಗೆ ಹೋಗಿದ್ದೆ. ಅತ್ತೆ ಆಗ ಏನೂ ಆಗದವರ ಹಾಗೆ, ನಾನೇ ಕೂರುತ್ತೇನೆ ಎಂದರು. ನಮ್ಮಲ್ಲಿ ಹೆಂಗಸರು ಉಣ್ಣೆ ಹಿಂಜುತ್ತಾರೆ, ನೂಲುತ್ತಾರೆ. ಮಗ್ಗದ ಗುಂಡಿಗೆ ಇಳಿಯುವುದು ಗಂಡಸರು. ಯಾಕೆಂದು ಯಾರೂ ಕೇಳುವುದಿಲ್ಲ, ಇಳಿದ ಹೆಂಗಸರನ್ನೂ ನಾನು ಕಂಡಿರಲಿಲ್ಲ. ಕಂಬಳಿ ನೇಯೋದು ಹೆಂಗಸರ ಕೆಲಸವಲ್ಲ ಎಂದು ಮಾವ ನೋವಿನಲ್ಲೇ ಗದರಿದರು.

“ಅದು ಕಂಬ್ಳಿ ಅಲ್ಲ ಅಂತ ನೀವೇ ಹೇಳೀರಲ್ಲ,” ಎಂದರು ಅತ್ತೆ. “ಕಂಬ್ಳಿ ಅಲ್ದಿದ್ದು ಯಾರು ನೇಯ್ದ್ರೆ ಏನಾತು?”

ಮಾವ ತಾವೇ ಕಟ್ಟಿದ ಶಾಸ್ತ್ರ, ಅದೂ ಯುರೋಪಿನಲ್ಲಿ ಮುದ್ರೆ ಒತ್ತಿಸಿಕೊಂಡು ಬಂದದ್ದು. ಅದನ್ನು ಮುರಿಯುವುದು ಹೇಗೆ? ಅತ್ತೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಗುಂಡಿಗೆ ಇಳಿದರು. ಮೊದಲ ದಿನ ಎಳೆಗಳು ಪಟಪಟ ಹರಿದವು. ಮಾವ ಪಕ್ಕದಲ್ಲಿ ಕೂತು ಅಯ್ಯಯ್ಯೋ ಎನ್ನುತ್ತಿದ್ದರು, ಅತ್ತೆ ಸುಮ್ಮನಿರಿ ಎನ್ನುತ್ತಿದ್ದರು. ಮುಂದಿನ ಸಲ ನಾನು ಹೋಗುವಷ್ಟರಲ್ಲಿ ಲಾಳಿಯ ಸದ್ದು ಬೀದಿಯವರೆಗೂ ಒಂದೇ ಸಮ ಕೇಳುತ್ತಿತ್ತು. ಹೆಗಲು ವಾಸಿಯಾದ ಮೇಲೂ ಬೆಳಗಿನ ಹೊತ್ತು ಮಾವ, ಊಟವಾದ ಮೇಲೆ ಅತ್ತೆ ಎಂದು ಪಾಳಿಯಾಯಿತು. ಕಂಪನಿಗೆ ಈ ವಿಷಯ ಗೊತ್ತೇ ಇಲ್ಲ. ಅವರ ಪರೀಕ್ಷೆಯಲ್ಲಿ ಇಬ್ಬರ ಕೈಯ ನೇಯ್ಗೆಯೂ ಪಾಸಾಯಿತು.

ಹೀಗಿರುವಾಗ ಈಚೆಗೆ ಒಂದು ದಿನ ಹೆಡ್ಡಾಫೀಸಿನ ಮೇಲ್ ಬಂತು. ಉಣ್ಣೆ ಪ್ಯಾಡು ಎಲ್ಲ ಕಡೆ ಯಶಸ್ವಿಯಾಗಿದೆ. ಅವರ ದೇಶದಲ್ಲೂ ಒರಟು ಉಣ್ಣೆಯನ್ನು ಕೊಳ್ಳುವವರಿಲ್ಲದೆ ಕುರಿಗಾರರು ಬಿಸಾಡುತ್ತಿದ್ದರಂತೆ. ಇನ್ನು ಮುಂದೆ ಅಲ್ಲಿಯ ಕಾರ್ಖಾನೆಯಲ್ಲೇ ಮಾಡಿಸಿ, ಎಲ್ಲ ದೇಶಗಳಿಗೂ ಅಲ್ಲಿಂದಲೇ ಕಳಿಸುವುದೆಂದು ತೀರ್ಮಾನವಾಗಿದೆ. ಭಾರತಕ್ಕೂ. ಚಿತ್ರದುರ್ಗಕ್ಕೂ. ದುರ್ಗದ ಕಚೇರಿಗೆ ಹೃತ್ಪೂರ್ವಕ ಧನ್ಯವಾದಗಳು. ತಾಳ್ಯದವನಿಗೆ ಒಂದು ಪ್ರಶಸ್ತಿ ಪತ್ರವೂ ಬಂತು, ಅದನ್ನು ಅವನು ಖುಷಿಯಿಂದ ಕಟ್ಟು ಹಾಕಿಸಿದ.

ನನಗೆ ಮೈ ಉರಿಯಿತು. ಬೋಲ್ಟಿನಿಂದ ಗ್ರೀಸಿನವರೆಗೆ ಎಲ್ಲ ಅಲ್ಲಿಂದ ಬರುತ್ತಿತ್ತು, ಈಗ ಕಂಬಳಿಯೂ ಅಲ್ಲಿಂದ ಬರಬೇಕಂತೆ. ಇಂಜಿನಿಯರಮ್ಮನಿಗೆ ಉದ್ದದ ಮೇಲ್ ಬರೆದೆ. ಆಕೆ ಮರುದಿನವೇ ಫೋನ್ ಮಾಡಿದಳು. ತಾನು ಬೇಡವೆಂದು ವಾದಿಸಿದೆ, ನಡೆಯಲಿಲ್ಲ ಎಂದಳು. ಆಕೆಯ ದನಿಯಲ್ಲಿ ಬೇಸರವಿತ್ತು, ಅದು ನಾಟಕವಲ್ಲವೆಂದು ನನಗೆ ತಿಳಿಯಿತು. ಅದರಿಂದ ಇನ್ನಷ್ಟು ಕಷ್ಟವಾಯಿತು. ಬೈಯಲು ಯಾರಾದರೂ ಕೆಟ್ಟವರು ಸಿಕ್ಕಿದ್ದರೆ ಹಗುರಾಗುತ್ತಿತ್ತು. ಭಾನುವಾರ ಹಿರಿಯೂರಿನಿಂದ ಹೊಸದುರ್ಗದ ಬಸ್ಸು ಹತ್ತಿದವಳು ದಾರಿಯುದ್ದಕ್ಕೂ ಮಾವನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಹೇಗೆ ಜೋಡಿಸಿದರೂ ಅದರ ಕೊನೆಗೆ ಗುಂಡಿ ಮುಚ್ಚುವುದೇ ಬರುತ್ತಿತ್ತು.

ನಾನು ಹೋದಾಗ ಊಟದ ನಂತರದ ಹೊತ್ತು. ಅತ್ತೆ ಮಗ್ಗದಲ್ಲಿದ್ದರು. ಮಾವ ಜಗಲಿಯ ಮೇಲೆ ಕೂತು ನೂಲು ಸುತ್ತುತ್ತಿದ್ದರು. ಕೋಣೆಯ ಬಾಗಿಲು ತೆರೆದೇ ಇತ್ತು, ಇಬ್ಬರಿಗೂ ಕೇಳುವಂತೆ ಹೇಳಿದೆ. ಜೋಡಿಸಿಕೊಂಡ ಮಾತೆಲ್ಲ ಮರೆತು, ಇನ್ನು ಬೇಡವಂತೆ ಮಾವ, ಅವರೇ ಮಾಡಿಕೊಳ್ಳುತ್ತಾರಂತೆ ಎಂದಷ್ಟೇ ಬಾಯಿಗೆ ಬಂತು. ಹೆಡ್ಡಾಫೀಸಿನವರನ್ನು ಸಿಕ್ಕಾಪಟ್ಟೆ ಬೈಯುತ್ತ ಮೇಲ್‌ನಲ್ಲಿದ್ದುದನ್ನೆಲ್ಲ ಹೇಳಿದೆ. ಮಾವ ನೂಲು ಸುತ್ತುವುದನ್ನು ನಿಲ್ಲಿಸಿ, ಅವರ ಕಡೆಯ ಉಣ್ಣೆಯೂ ಬೇಲಿಗೆ ಬೀಳುತ್ತಿತ್ತೇ ಎಂದು ಕೇಳಿದರು. ಹೌದಂತೆ ಎಂದೆ. ಹಂಗಾದ್ರೆ ಪಾಪ, ಆ ಕುರಿಯೋರಿಗೂ ಆಗ್ಲಿ ಬಿಡು ಎಂದರು. ಅವರು ಹಾಗೆ ಹೇಳಬಹುದೆಂದು ನಾನು ಅಂದುಕೊಂಡಿರಲಿಲ್ಲ, ಕಣ್ಣು ತುಂಬಿತು.

ಆಮೇಲೆ ಮಾವ ಒಳಗಿನ ಕಡೆ ತಿರುಗಿದರು. ಮಾತು ತಪ್ಪುವ ಜನ ಅವರಲ್ಲ.

“ಕೆಲ್ಸ ನಿಂತ ದಿನ ಅಂತ ಮಾತು ಕೊಟ್ಟಿದ್ದೆ. ನಿನ್ನ ಗಿರಣಿ ತರ್ಸಾಣ. ನಾಳೆನೇ ಗುಂಡಿಗೆ ಮಣ್ಣು ಹಾಕ್ಸಾಣ.”

ಲಾಳಿ ಆ ಕಡೆಯಿಂದ ಈ ಕಡೆಗೆ ಬಂತು, ಮತ್ತೆ ಆ ಕಡೆಗೆ ಹೋಯಿತು. ಅತ್ತೆ ತಲೆ ಎತ್ತಲಿಲ್ಲ.

“ಗಿರಣಿ ಹಿತ್ಲಾಗೆ ಹಾಕ್ಸ್ರಿ,” ಎಂದರು. “ಇಷ್ಟು ದಿನ ನೇಯ್ದೀನಿ, ಒಂದೂ ಕಂಬ್ಳಿ ನೇಯ್ದಿಲ್ಲ. ನಂಗೆ ಅಂಚು ಹಾಕೋದು ಕಲಿಸ್ರಿ.”

ಮಾವ ನನ್ನ ಮುಖ ನೋಡಿದರು. ನಾನು ಸುಮ್ಮನೆ ಬೀದಿಯ ಕಡೆ ನೋಡುತ್ತ ನಿಂತೆ, ಈ ಜಗಳದಲ್ಲಿ ನನಗೆ ಪಾಲಿರಲಿಲ್ಲ. ಹೆಂಗಸರು ಕಂಬಳಿ ನೇಯುವ ಹಾಗಿಲ್ಲ ಎಂದು ಅವರು ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ನೂಲಿನ ಉಂಡೆ ಕೆಳಗಿಟ್ಟು, ಮೊಣಕಾಲಿಗೆ ಕೈ ಕೊಟ್ಟು ಎದ್ದು, ಬಿಳಿ ಉಣ್ಣೆ ಎಲ್ಲಿಟ್ಟಿದ್ದೀಯ ಎಂದು ಕೇಳುತ್ತ ಒಳಗೆ ಹೋದರು.